ಈ ವಯಸ್ಸಲ್ಲಿ ಇದೆಲ್ಲಾ ಬೇಕಾ?

ಬುಧವಾರ ಬೆಳಗ್ಗೆ ಹನ್ನೊಂದು ಗಂಟೆ. ರಿಲೀಸ್ ಹತ್ತಿರ ಬಂದು ಟೀಮಿನ ಎಲ್ಲರ ಮುಖದಲ್ಲೂ ನಿದ್ದೆಗೆಟ್ಟ ಕಳೆ. ಮೀಟಿಂಗ್ ಮಧ್ಯೆ ಅಮ್ಮನ ಫೋನು. ಎರಡು ಸಲ ಕಟ್ ಮಾಡಿದೆ. ಮೂರನೇ ಸಲವೂ ಬಂದಾಗ ಊರಲ್ಲಿ ಏನೋ ಆಗಿರಬೇಕು ಅಂತ ಗಾಬರಿಯಿಂದ ಹೊರಗೆ ಬಂದು ಎತ್ತಿದೆ.

"ಲೋ, ಮುರ್ಡೇಶ್ವರದಲ್ಲಿ ಸಮುದ್ರದೊಳಕ್ಕೆ ಇಳಿಸ್ತಾರಲ್ಲ, ಪಿಚ್ಚರ್‌ನಲ್ಲಿ ಅಪ್ಪು ಇಳಿದಿದ್ನಲ್ಲ, ಅದಕ್ಕೆ ಐದು ಜನಕ್ಕೆ ಬುಕ್ ಮಾಡ್ಕೊಡ್ತೀಯಾ? ಮೊಬೈಲಲ್ಲೇ ಮಾಡ್ಬೇಕಂತೆ."

"ಯಾರಿಗಮ್ಮ?"

"ನಮಗೇ ಕಣೋ. ನಾನು, ಟೀಚರಮ್ಮ, ಟೈಲರ್ ಅಕ್ಕ, ಅಂಗಡಿ ಅತ್ತೆ, ಮೇಲ್ಮನೆ ದೊಡ್ಡಮ್ಮ."

ಅಮ್ಮನಿಗೆ 61. ಐವರಲ್ಲಿ ಚಿಕ್ಕವಳು ಟೈಲರ್ ಅಕ್ಕ, ಅವಳಿಗೇ 54. ದೊಡ್ಡಮ್ಮನಿಗೆ 67. ನನ್ನ ಬಾಯಿಂದ ಯೋಚನೆಯೇ ಇಲ್ಲದೆ ಹೊರಬಿದ್ದ ಮಾತು: "ಈ ವಯಸ್ಸಲ್ಲಿ ಇದೆಲ್ಲಾ ಬೇಕಾ ಅಮ್ಮ?"

ಅಮ್ಮ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, "ಸರಿ ಬಿಡು, ಟೀಚರಮ್ಮನ ಮಗಳ ಹತ್ರ ಮಾಡಿಸ್ಕೊಳ್ತೀವಿ" ಅಂದು ಫೋನಿಟ್ಟಳು.

ಈ ಬರಹ ನನ್ನ ಆ ಒಂದು ಸಾಲಿನ ಬಗ್ಗೆ. ನೀವೂ ಆ ಸಾಲನ್ನು ಹೇಳಿರ್ತೀರಿ. ಸ್ಕೂಬಾಗೆ ಅಲ್ಲದಿದ್ದರೆ ಸ್ಕೂಟಿ ಕಲಿಯೋದಕ್ಕೆ, ಚೂಡಿದಾರ್ ಹಾಕೋದಕ್ಕೆ, ಗೆಳತಿಯರ ಜೊತೆ ಊಟಿಗೆ ಹೋಗ್ತೀನಿ ಅಂದಿದ್ದಕ್ಕೆ. ಪ್ರೀತಿಯಿಂದಲೇ ಹೇಳಿರ್ತೀರಿ. ಸಮಸ್ಯೆ ಇರೋದೇ ಅಲ್ಲಿ. ಜಗಳದಲ್ಲಿ ಹೇಳಿದ್ದಾದರೆ ಅಮ್ಮ ತಿರುಗಿ ಜಗಳ ಆಡಬಹುದಿತ್ತು. ಕಾಳಜಿಯಿಂದ ಹೇಳಿದ ಮಾತಿಗೆ ಏನಂತ ಉತ್ತರ ಕೊಡ್ತಾಳೆ?

ಮೊದಲು ಅವರು ಹೊರಟಿದ್ದ ಜಾಗದ ಬಗ್ಗೆ ಹೇಳಿಬಿಡ್ತೀನಿ. ಮುರ್ಡೇಶ್ವರದಿಂದ ಅರಬ್ಬೀ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಅನ್ನೋ ಪುಟ್ಟ ದ್ವೀಪ ಇದೆ. ಸುತ್ತ ಹವಳ, ಬಣ್ಣಬಣ್ಣದ ಮೀನು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಅಲ್ಲಿ ಸ್ಕೂಬಾ ಡೈವಿಂಗ್ ಮಾಡಿಸ್ತಾರೆ. 2022ರ ಅಕ್ಟೋಬರ್‌ನಲ್ಲಿ ಬಂದ 'ಗಂಧದ ಗುಡಿ'ಯಲ್ಲಿ ಪುನೀತ್ ಇಳಿದಿದ್ದೂ ಅಲ್ಲೇ. ಮೊದಲ ಸಲ ಇಳಿಯುವವರಿಗೆ ಈಜು ಬರಲೇಬೇಕು ಅಂತಿಲ್ಲ. ಒಬ್ಬ ಟ್ರೈನರ್ ಜೊತೆಗೇ ಇರ್ತಾನೆ, ಕೈ ಬಿಡಲ್ಲ. 12 ಮೀಟರ್‌ಗಿಂತ ಕೆಳಗೆ ಕರ್ಕೊಂಡು ಹೋಗೋ ಹಾಗಿಲ್ಲ.

ಇದೆಲ್ಲಾ ನನಗೆ ಚೆನ್ನಾಗಿ ಗೊತ್ತಿತ್ತು. ಯಾಕಂದ್ರೆ 2019ರಲ್ಲಿ ಆಫೀಸಿನ ಹುಡುಗರ ಜೊತೆ ನಾನೇ ಹೋಗಿ ಇಳಿದು ಬಂದಿದ್ದೆ. ಹಿಂದಿನ ರಾತ್ರಿ ನಾವೆಲ್ಲಾ ಎಷ್ಟು ಹೊತ್ತಿಗೆ ಮಲಗಿದ್ವಿ, ಏನು ಹೊಟ್ಟೆಗೆ ಹಾಕ್ಕೊಂಡಿದ್ವಿ ಅನ್ನೋದನ್ನ ಇಲ್ಲಿ ಬರೆಯಲ್ಲ. ಅಮ್ಮನಿಗೆ ವಿಷಯ ಹೇಳಿದ್ದು ವಾಪಸ್ ಬಂದ ಮೇಲೆ, ಫೋಟೋ ತೋರಿಸ್ತಾ. ಅವಳು "ಹುಷಾರಾಗಿ ಹೋಗ್ಬಾರ್ದೇನೋ" ಅಂದಿದ್ದಳು ಅಷ್ಟೆ. 'ಬೇಕಾ' ಅಂತ ಕೇಳಿರಲಿಲ್ಲ.

ಈಗ ನನ್ನ ವಾದಗಳನ್ನ ಒಂದೊಂದಾಗಿ ನೋಡೋಣ. ಆ ವಾರವಿಡೀ ಅವನ್ನ ನಾನು ಅಮ್ಮನ ಮುಂದೆ, ಹೆಂಡತಿ ಮುಂದೆ, ಕೊನೆಗೆ ಟೀಚರಮ್ಮನಿಗೇ ಫೋನ್ ಮಾಡಿ ಮಂಡಿಸಿದ್ದೀನಿ.

ಮೊದಲನೇ ವಾದ ಆರೋಗ್ಯದ್ದು. ಮಂಡಿ ನೋವು, ಬಿಪಿ, ಉಸಿರು. ಇದು ಸುಳ್ಳು ವಾದ ಅಲ್ಲ. ನೀರಿನೊಳಗೆ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟಾಗುತ್ತೆ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿ ಮಾಡ್ಕೊಳ್ಳದಿದ್ದರೆ ಕಿವಿ ನೋಯುತ್ತೆ. ಉಸಿರನ್ನ ಯಾವತ್ತೂ ಕಟ್ಟಿ ಹಿಡಿಯಬಾರದು, ಅದರಲ್ಲೂ ಮೇಲಕ್ಕೆ ಬರುವಾಗ ಹಿಡಿದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತೆ. ಹೃದಯದ ತೊಂದರೆ ಇರೋರಿಗೆ ನಿಜವಾದ ಅಪಾಯ ಇದೆ.

ಅದಕ್ಕೇ ಒಂದು ಫಾರಂ ಇದೆ. ಡೈವಿಂಗ್ ಮಾಡೋಕೆ ಹೋದವರು ಯಾರೇ ಆಗಲಿ, ಇಳಿಯೋ ಮುಂಚೆ ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಬರೆದು ಸಹಿ ಹಾಕಬೇಕು. ಜಗತ್ತಿನ ದೊಡ್ಡ ಡೈವಿಂಗ್ ಸಂಸ್ಥೆಗಳು ಬಳಸೋ ಫಾರಂನಲ್ಲಿ 45 ದಾಟಿದ್ದೀರಾ ಅಂತ ಒಂದು ಪ್ರಶ್ನೆ ಇದೆ. ಹೌದು ಅಂದ್ರೆ ಬಾಗಿಲು ಹಾಕಲ್ಲ, ಇನ್ನಷ್ಟು ಕೇಳುತ್ತೆ: ಬೀಡಿ ಸಿಗರೇಟು ಸೇದ್ತೀರಾ, ಕೊಲೆಸ್ಟ್ರಾಲ್ ಇದೆಯಾ, ಬಿಪಿ ಇದೆಯಾ. ಅದರಲ್ಲಿ ಯಾವುದಕ್ಕಾದರೂ ಹೌದು ಅಂದ್ರೆ ಡಾಕ್ಟರ ಹತ್ತಿರ ಹೋಗಿ ಸಹಿ ತರಬೇಕು. ಮೇಲ್ಮಿತಿ ಅಂತ ಒಂದು ವಯಸ್ಸು ಅದರಲ್ಲಿ ಇಲ್ಲ. ಇನ್ನೊಂದು ವಿಷಯ ಗಮನಿಸಿ. ಇಳಿಯೋರು ಅಪ್ರಾಪ್ತರಾದರೆ ಪೋಷಕರ ಸಹಿ ಬೇಕು. 60 ದಾಟಿದವರಿಗೆ ಮಕ್ಕಳ ಸಹಿ ಬೇಕು ಅಂತ ಎಲ್ಲೂ ಇಲ್ಲ. ಆ ಜಾಗ ನಾನಾಗೇ ಸೃಷ್ಟಿಸ್ಕೊಂಡು, ಅಲ್ಲಿ ಕೂತು, ಸಹಿ ಹಾಕಲ್ಲ ಅಂತಿದ್ದೆ.

ಐವರೂ ಅರಸೀಕೆರೆಗೆ ಹೋಗಿ ಡಾಕ್ಟರಿಗೆ ತೋರಿಸಿದರು. ಅಂಗಡಿ ಅತ್ತೆಗೆ ಬಿಪಿ ಹತೋಟಿಯಲ್ಲಿಲ್ಲ, ಡಾಕ್ಟರು ಬೇಡ ಅಂದರು. ಅತ್ತೆ, "ಆಯ್ತು, ನಾನು ಬೋಟಲ್ಲಿ ಕೂತು ನಿಮ್ಮ ಚಪ್ಪಲಿ ಕಾಯ್ತೀನಿ" ಅಂದಳಂತೆ. ಉಳಿದ ನಾಲ್ವರಿಗೂ ಸಹಿ ಸಿಕ್ತು. ಅಪಾಯ ಇದ್ದಿದ್ದನ್ನ ಪತ್ತೆ ಮಾಡಿದ್ದು ಡಾಕ್ಟರು, ಒಪ್ಪಿಕೊಂಡಿದ್ದು ಅತ್ತೆ. ಇದರಲ್ಲಿ ಮಕ್ಕಳ ಪಾತ್ರ ಏನೂ ಇರಲಿಲ್ಲ.

ಇನ್ನು ಮಂಡಿ ನೋವು. ಸ್ವಾಮಿ, ನೀರಿನೊಳಗೆ ಮೈಭಾರ ಮಂಡಿ ಮೇಲೆ ಬೀಳಲ್ಲ. ಮಂಡಿ ನೋವಿರೋರಿಗೆ ಬೆಟ್ಟದ ಮೇಲಿನ ದೇವಸ್ಥಾನದ ಮೆಟ್ಟಿಲುಗಳೇ ಸಮುದ್ರಕ್ಕಿಂತ ಕಷ್ಟ. ಅಮ್ಮ ಶ್ರವಣಬೆಳಗೊಳದ ಬೆಟ್ಟ ಹತ್ತಿ ಇಳಿದು ಬಂದಾಗ ನಾನು ಫೋನ್ ಮಾಡಿ ಮಂಡಿ ಬಗ್ಗೆ ಕೇಳಿದ ನೆನಪಿಲ್ಲ. ಬೆನ್ನಿಗೆ ಕಟ್ಟೋ ಸಿಲಿಂಡರು ಸುಮಾರು 15 ಕೆಜಿ ಇರುತ್ತೆ, ಹೊರೋಕಾಗಲ್ಲ ಅಂತಲೂ ಹೇಳಿದ್ದೆ. ಅಮ್ಮ ಕೇಳಿದಳು: "ನೀರು ತುಂಬಿದ ಕೊಡ ಎಷ್ಟು ತೂಕ ಇರುತ್ತೋ? ನಿನ್ನನ್ನ ಒಂದು ಸೊಂಟದಲ್ಲಿ, ಕೊಡ ಇನ್ನೊಂದು ಸೊಂಟದಲ್ಲಿ ಹೊತ್ತೋಳಿಗೆ ಲೆಕ್ಕ ಹೇಳ್ತೀಯಾ?" ನಾನು ಬಿಇ ಓದಿದೋನು, ಲೆಕ್ಕ ಮಾಡಿ ನೋಡಿದೆ. ಅಮ್ಮ ಹೇಳಿದ್ದು ಸರಿ.

ವಯಸ್ಸಾದ ಹೆಂಗಸರ ಮೈಗೆ ಸಮುದ್ರ ಆಗಿಬರಲ್ಲ ಅನ್ನೋರು ದಕ್ಷಿಣ ಕೊರಿಯಾದ ಜೆಜು ದ್ವೀಪದ ಕಡೆ ಒಂದು ಸಲ ನೋಡಿ. ಅಲ್ಲಿ ಹೇನ್ಯೊ ಅಂತ ಕರೆಯೋ ಹೆಂಗಸರಿದ್ದಾರೆ. ಸಿಲಿಂಡರ್ ಇಲ್ಲದೆ, ಬರೀ ಉಸಿರು ಕಟ್ಟಿ ಸಮುದ್ರಕ್ಕೆ ಮುಳುಗಿ ಚಿಪ್ಪು, ಕಡಲಕಳೆ ಎಲ್ಲಾ ಕಿತ್ತು ತಂದು ಮಾರ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಈಗ 60 ದಾಟಿದೆ, 80 ದಾಟಿದವರೂ ಇಳೀತಾರೆ. 2016ರಲ್ಲಿ ಯುನೆಸ್ಕೊ ಅವರ ಪರಂಪರೆಯನ್ನ ತನ್ನ ಪಟ್ಟಿಗೆ ಸೇರಿಸಿತು. ಅವರದ್ದು ರಜೆಯ ಮೋಜಲ್ಲ, ಹೊಟ್ಟೆಪಾಡು, ತುಂಬಾ ಕಷ್ಟದ ಕೆಲಸ. ಆದರೂ ಒಂದು ಮಾತಂತೂ ಅದರಿಂದ ಗೊತ್ತಾಗುತ್ತೆ: ನಮ್ಮ 'ಆಗಲ್ಲ' ಅನ್ನೋದು ದೇಹದಿಂದ ಹುಟ್ಟಿದ ಮಾತಲ್ಲ. ಹುಟ್ಟಿನಿಂದ ನೀರಿಗೆ ಬಿಟ್ಟಿದ್ದರೆ ನಮ್ಮ ಅಮ್ಮಂದಿರಿಗೂ ಆಗ್ತಿತ್ತು.

ಬಿಟ್ಟವರು ಯಾರು? ನಮ್ಮೂರಲ್ಲಿ ತೋಟದ ಬಾವಿ ಇತ್ತು, ಮೆಟ್ಟಿಲಿನ ಬಾವಿ. ಏಳೆಂಟು ವರ್ಷಕ್ಕೆ ನಮ್ಮನ್ನ ಬೆನ್ನಿಗೆ ಬೆಂಡು ಕಟ್ಟಿ ತಳ್ತಿದ್ರು. ನಾಲ್ಕು ದಿನ ನೀರು ಕುಡಿದು, ಐದನೇ ದಿನ ಈಜು ಬರ್ತಿತ್ತು. ನಮ್ಮ ಜೊತೆ ಆಡ್ತಿದ್ದ ಹುಡುಗಿಯರು ದಡದಲ್ಲಿ ನಮ್ಮ ಚಡ್ಡಿ ಕಾಯ್ತಾ ಕೂತಿರ್ತಿದ್ರು. ಅವರಿಗೆ ಯಾರೂ ಬೆಂಡು ಕಟ್ಟಲಿಲ್ಲ. ಅಮ್ಮ ಅದೇ ಬಾವಿಯಿಂದ ದಿನಾ ನೀರು ಸೇದಿದ್ದಾಳೆ, ಬಟ್ಟೆ ಒಗೆದಿದ್ದಾಳೆ, ಹಬ್ಬಕ್ಕೆ ಗಂಗೆ ಪೂಜೆ ಮಾಡಿದ್ದಾಳೆ. ನೀರಿಗೆ ಇಳಿದಿಲ್ಲ. ನಮ್ಮೂರ ಮಾತಿನಲ್ಲಿ ಹೆಂಗಸು ಬಾವಿಗೆ ಇಳಿಯೋದಿಲ್ಲ, 'ಬೀಳ್ತಾಳೆ'. ಆ ಕ್ರಿಯಾಪದದ ಅರ್ಥ ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಹೆಣ್ಣು ಮತ್ತು ನೀರು ಅಂದ ತಕ್ಷಣ ನಮಗೆ ನೆನಪಾಗೋ ಜನಪದ ಕಥೆಯಾದರೂ ಯಾವುದು? 'ಕೆರೆಗೆ ಹಾರ'. ಕೆರೆ ತುಂಬೋಕೆ ಸೊಸೆಯನ್ನ ಬಲಿ ಕೊಟ್ಟ ಕಥೆ. ಹೆಣ್ಣುಮಗಳೊಬ್ಬಳು ಖುಷಿಗೆ ನೀರಿಗೆ ಇಳಿದು, ಖುಷಿಯಿಂದ ಮೇಲೆ ಬಂದು, ತಲೆ ಒರೆಸ್ಕೊಂಡು ಊಟಕ್ಕೆ ಕೂತ ಕಥೆ ನಮ್ಮ ಹತ್ರ ಎಷ್ಟಿವೆ?

ಎರಡನೇ ವಾದ ದುಡ್ಡಿನದ್ದು. "ಅಷ್ಟು ದುಡ್ಡು ಅರ್ಧ ಗಂಟೆಗೆ ಹಾಕ್ತೀರಾ?" ಇದನ್ನ ಕೇಳಿದವನು ತಿಂಗಳಿಗೆ ನಾಲ್ಕು ವೀಕೆಂಡ್ ಮಾಲ್‌ಗೆ ಹೋಗೋನು. ಅವರದ್ದು ಸ್ತ್ರೀಶಕ್ತಿ ಸಂಘ. ವಾರದ ಉಳಿತಾಯದ ಜೊತೆಗೆ, ಈ ಐವರು ಬೇರೆಯಾಗಿ ವಾರಕ್ಕೆ 50 ರೂಪಾಯಿಯಂತೆ ಎರಡು ವರ್ಷ ಕೂಡಿಟ್ಟಿದ್ದಾರೆ. ಟೀಚರಮ್ಮನ ಹತ್ರ ಅದಕ್ಕೊಂದು ನೋಟ್‌ಬುಕ್ಕೇ ಇದೆ. ಬಸ್ಸಿಗೆ ಖರ್ಚಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ. ಆ ಯೋಜನೆ ಶುರುವಾದಾಗ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡಿದ ಜೋಕುಗಳು ನೆನಪಿದೆಯಾ? ಮನೆ ಬಿಟ್ಟು ಧರ್ಮಸ್ಥಳ ಸುತ್ತೋ ಹೆಂಗಸರು, ಅಡುಗೆಯಿಲ್ಲದೆ ಕಂಗಾಲಾದ ಗಂಡ, ಸೀಟಿಗೆ ಜುಟ್ಟು ಹಿಡಿಯೋ ವಿಡಿಯೊ. ನಾನೂ ಫಾರ್ವರ್ಡ್ ಮಾಡಿದ್ದೀನಿ, ಸುಳ್ಳು ಹೇಳಲ್ಲ. ಗೋವಾಕ್ಕೆ ಹೋಗೋ ಗಂಡಸರ ಮೇಲೆ ಜೋಕಿಲ್ಲ ಅಂತಲ್ಲ. ಆದರೆ ಆ ಜೋಕಿನಲ್ಲಿ ಅವರೇ ಹೀರೋ.

ಯೋಜನೆಯ ಖರ್ಚು ವೆಚ್ಚದ ಬಗ್ಗೆ ವಾದ ಮಾಡೋರು ಮಾಡಲಿ, ಅದು ಬೇರೆ ಚರ್ಚೆ. ಜೋಕುಗಳು ಖರ್ಚಿನ ಬಗ್ಗೆ ಇರಲಿಲ್ಲ. 'ಇವರು ಮನೇಲಿ ಇಲ್ಲ' ಅನ್ನೋದರ ಬಗ್ಗೆ ಇದ್ವು.

ಮೂರನೇ ವಾದವನ್ನ ನಾನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಸಂಬಂಧಿಕರು ಹೇಳಿದರು: "ಮೈಗಂಟೋ ಬಟ್ಟೆ ಹಾಕಿಸ್ತಾರಂತೆ." ಹೌದು, ಹಾಕಿಸ್ತಾರೆ. ಅದರ ಹೆಸರು ವೆಟ್‌ಸೂಟ್. ಕತ್ತಿನಿಂದ ಕಾಲಿನವರೆಗೆ ಮುಚ್ಚುತ್ತೆ, ಸೀರೆಗಿಂತ ಜಾಸ್ತಿಯೇ ಮುಚ್ಚುತ್ತೆ. ಆದರೆ ಅದರೊಳಗೆ ಒಂದು ದೇಹ ಇದೆ ಅಂತ ಹೊರಗಿನವರಿಗೆ ಗೊತ್ತಾಗುತ್ತೆ. ಅಮ್ಮನಿಗೆ ದೇಹ ಇದೆ ಅನ್ನೋದು ನಮಗೆ ನೆನಪಾಗೋದು ಆಸ್ಪತ್ರೆಯಲ್ಲಿ ಮಾತ್ರ. ನೋವಿಗೆ, ಮಾತ್ರೆಗೆ, ಸ್ಕ್ಯಾನಿಂಗಿಗೆ ಇರೋ ದೇಹ ಖುಷಿಗೂ ಇರಬಹುದು ಅಂದ್ರೆ ನಮಗೆ ಮುಜುಗರ. ಬುಕ್ಕಿಂಗ್ ಮಾಡೋಕೆ ಟೀಚರಮ್ಮನ ಮಗಳು ಫೋನ್ ಮಾಡಿದಾಗ ಆ ಕಡೆಯವನು ಕೇಳಿದ ಮೊದಲ ಪ್ರಶ್ನೆಯೂ ಅದೇ ಜಾತಿಯದ್ದು: "ಜೊತೆಗೆ ಗಂಡಸರು ಯಾರೂ ಬರಲ್ವಾ ಮೇಡಂ?" ಗಂಡಸರು ಬಂದು ಏನು ಮಾಡಬೇಕಿತ್ತು? ಅವರ ಪರವಾಗಿ ಉಸಿರಾಡಬೇಕಿತ್ತಾ?

ಈಗ ನಾಲ್ಕನೇದ್ದು. ಇದು ವಾದ ಅಲ್ಲ, ಅಸಲಿ ಕಾರಣ. ಇದನ್ನ ನನಗೆ ತೋರಿಸಿಕೊಟ್ಟಿದ್ದು ನನ್ನ ಹೆಂಡತಿ. ನಾನು ರಾತ್ರಿ ಊಟಕ್ಕೆ ಕೂತು ಬಿಪಿ, ಒತ್ತಡ, ಅಲೆ ಅಂತ ಭಾಷಣ ಮಾಡ್ತಿದ್ದೆ. ಅವಳು ಸಾರು ಬಡಿಸ್ತಾ ಕೇಳಿದಳು: "ಅತ್ತೆ ಹೋಗ್ತಿರೋದು ಯಾವ ವಾರ?"

ಹೇಳಿದೆ.

"ಅಂದ್ರೆ ನಮ್ಮಿಬ್ಬರ ರಿಲೀಸ್ ವಾರ. ಪಾಪುನ ನೋಡ್ಕೊಳ್ಳೋಕೆ ಅತ್ತೆ ಬರ್ಬೇಕಿದ್ದ ವಾರ. ಅದನ್ನ ಹೇಳು. ಬಿಪಿ ಯಾಕೆ ಹೇಳ್ತೀಯ?"

ತುತ್ತು ಗಂಟಲಲ್ಲೇ ನಿಂತಿತು. ಅಮ್ಮನ ಬಿಪಿ ಎಷ್ಟಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಮ್ಮನ ಕ್ಯಾಲೆಂಡರು ಗೊತ್ತಿತ್ತು. ಅದರಲ್ಲಿ ಯಾವ್ಯಾವ ವಾರ ನನಗೆ ಬೇಕು ಅನ್ನೋದು ಗೊತ್ತಿತ್ತು.

ನಾವು ಐಟಿಯವರು ಒಂದು ವಿಷಯ ಒಪ್ಪಿಕೊಳ್ಳಬೇಕು. ಬೆಂಗಳೂರಿನ ಎಷ್ಟೋ ಡಬಲ್ ಇನ್‌ಕಮ್ ಮನೆಗಳು ನಡೀತಿರೋದು ಕ್ಲೌಡ್ ಮೇಲಲ್ಲ, ಊರಿಂದ ಬಂದ ಅಮ್ಮಂದಿರ ಮೇಲೆ. ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ಸಂಜೆ ಐದು ಗಂಟೆಗೆ ನೋಡಿ. ಬೇರೆ ಬೇರೆ ಊರಿನ, ಬೇರೆ ಬೇರೆ ಭಾಷೆಯ ಅಜ್ಜಿಯರು ಮೊಮ್ಮಕ್ಕಳ ಹಿಂದೆ ಓಡ್ತಿರ್ತಾರೆ. ಸಂಬಳ ಇಲ್ಲ, ರಜೆ ಇಲ್ಲ, ನೋಟಿಸ್ ಪೀರಿಯಡ್ ಇಲ್ಲ. ಅವರಲ್ಲಿ ಒಬ್ಬರು ನಾಲ್ಕು ದಿನ ರಜೆ ಕೇಳಿದರೆ ಇಡೀ ಸಿಸ್ಟಮ್ ಡೌನ್. ಇಂಥ ಡಿಸೈನನ್ನ ಕೋಡ್ ರಿವ್ಯೂನಲ್ಲಿ ಯಾರಾದರೂ ತಂದಿದ್ದರೆ ನಾವು ಅವರನ್ನ ಹರಿದು ಹಾಕ್ತಿದ್ವಿ. ಮನೇಲಿ ಮಾತ್ರ ಅದನ್ನ 'ಅಜ್ಜಿ ಪ್ರೀತಿ' ಅಂತೀವಿ. ಪ್ರೀತಿ ಇದೆ, ಇಲ್ಲ ಅಂತಲ್ಲ. ಪ್ರೀತಿ ಇದೆ ಅನ್ನೋದು ಗೊತ್ತಿರೋದರಿಂದಲೇ ನಾವು ಅದನ್ನ ಹೀಗೆ ದುಡಿಸ್ಕೊಳ್ಳೋದು.

ಈ ಕಾಳಜಿ ಎಷ್ಟು ಪೊಳ್ಳು ಅಂತ ತಿಳ್ಕೊಳ್ಳೋಕೆ ಒಂದು ಸುಲಭದ ಪರೀಕ್ಷೆ ಇದೆ. ನಮ್ಮಲ್ಲಿ ಎಷ್ಟೋ ಜನರ ಅಮ್ಮಂದಿರು ಮೊದಲ ಸಲ ವಿಮಾನ ಹತ್ತಿದ್ದು ಯಾವುದಕ್ಕೆ? ಬಾಣಂತನಕ್ಕೆ. ಮಗಳೋ ಸೊಸೆಯೋ ಡಲ್ಲಾಸಲ್ಲಿ, ಸ್ಯಾನ್ ಹೋಸೆಯಲ್ಲಿ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಮಂಡಿ ನೋವಿದೆ, ಸಕ್ಕರೆ ಕಾಯಿಲೆ ಇದೆ. ಇಪ್ಪತ್ತು ಗಂಟೆಗೂ ಮೇಲಿನ ಪ್ರಯಾಣ, ಮಧ್ಯೆ ಯಾವುದೋ ದೇಶದಲ್ಲಿ ವಿಮಾನ ಬದಲಾಯಿಸಬೇಕು, ಒಬ್ಬಳೇ. ಕೈಯಲ್ಲಿ ಒಂದು ಚೀಟಿ: 'ನನಗೆ ಇಂಗ್ಲಿಷ್ ಬರುವುದಿಲ್ಲ, ದಯವಿಟ್ಟು ಸಹಾಯ ಮಾಡಿ'. ಬ್ಯಾಗಲ್ಲಿ ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು. ಅಲ್ಲಿ ಇಳಿದು ಆರು ತಿಂಗಳು ನಾಲ್ಕು ಗೋಡೆ ಮಧ್ಯೆ, ಮಗುವಿನ ಎಣ್ಣೆಸ್ನಾನ ಮತ್ತು ಮೂರು ಹೊತ್ತಿನ ಅಡುಗೆ.

ಆಗ ಯಾರಾದರೂ "ಈ ವಯಸ್ಸಲ್ಲಿ ಇದೆಲ್ಲಾ ಬೇಕಾ ಅಮ್ಮ?" ಅಂತ ಕೇಳಿದ್ವಾ?

ನಾನೂ ಕೇಳಿಲ್ಲ. ನನ್ನ ತಂಗಿಯ ಬಾಣಂತನಕ್ಕೆ ಅಮ್ಮನನ್ನ ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಬಿಟ್ಟು ಬಂದವನು ನಾನೇ. ಆಗ ಅವಳ ಧೈರ್ಯವನ್ನ ಹೊಗಳಿದ್ದೆ. ಅದೇ ದೇಹ, ಅದೇ ಮಂಡಿ. ನಮ್ಮ ಕೆಲಸಕ್ಕೆ ಹೊರಟರೆ ಧೈರ್ಯ, ತನ್ನ ಖುಷಿಗೆ ಹೊರಟರೆ 'ಬೇಕಾ?'. ಕುತ್ತು ಇರೋದು ಪ್ರಯಾಣದಲ್ಲಿ ಅಲ್ಲ, ಅದರಿಂದ ಯಾರಿಗೆ ಉಪಯೋಗ ಅನ್ನೋದರಲ್ಲಿ. ತೀರ್ಥಯಾತ್ರೆಗೂ ನಾವು ಒಪ್ತೀವಿ, ಯಾಕಂದ್ರೆ ಅಲ್ಲೂ ಅವಳು ಹರಕೆ ಹೊತ್ತಿರೋದು ನಮ್ಮ ಪ್ರಮೋಷನ್‌ಗೆ. ಹರಕೆ ಇಲ್ಲ, ಮೊಮ್ಮಗು ಇಲ್ಲ, ಮದುವೆ ಮನೆ ಇಲ್ಲ. ಐದು ಜನ ಹೆಂಗಸರು ತಮಗೋಸ್ಕರ ನಾಲ್ಕು ದಿನ ಹೋಗಿ ಬರ್ತೀವಿ ಅಂದ್ರೆ ಅದಕ್ಕೆ ನಮ್ಮ ಭಾಷೆಯಲ್ಲಿ ಒಂದು ಗೌರವದ ಹೆಸರಿಲ್ಲ. 'ತಿರುಗಾಟ' ಅಂತೀವಿ.

ಇದೆಲ್ಲಾ ದುಡ್ಡಿರೋರ ಸಮಸ್ಯೆ ಅಲ್ವಾ, ಅರ್ಧ ಹಳ್ಳಿಗಳಲ್ಲಿ ನೆಟ್ಟಗೆ ನಲ್ಲಿ ನೀರೇ ಬರಲ್ಲ ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲ ಅಮ್ಮಂದಿರೂ ಸ್ಕೂಬಾ ಮಾಡಲಿ ಅಂತ ನಾನು ಹೇಳ್ತಿಲ್ಲ. ಬೇಡ ಅನ್ನೋರಿಗೆ ಬೇಡ. ಆದರೆ ನಲ್ಲಿ ನೀರು ಬರದ ಊರಲ್ಲೂ ಗಂಡಸರಿಗೆ ಇಸ್ಪೀಟಿಗೆ, ಕ್ರಿಕೆಟ್ ಟೂರ್ನಮೆಂಟಿಗೆ, ಶಬರಿಮಲೆಗೆ ಟೈಮಿರುತ್ತೆ. ಕಷ್ಟದ ಲೆಕ್ಕ ಹೆಂಗಸರ ಖುಷಿ ಬಂದಾಗ ಮಾತ್ರ ಯಾಕೆ ಹೊರಗೆ ಬರುತ್ತೆ?

ಸರಿ, ಅವರು ಹೋದರು. ಶಿವಮೊಗ್ಗ, ಸಾಗರ, ಹೊನ್ನಾವರ ಅಂತ ಬಸ್ಸು ಬದಲಾಯಿಸ್ಕೊಂಡು. ನಾನೂ ಬರ್ತೀನಿ, ಜೊತೆಗಿರ್ತೀನಿ ಅಂದೆ. "ನೀನು ಬಂದ್ರೆ ನಿನಗೆ ಕಾಫಿ ಆಯ್ತಾ, ತಿಂಡಿ ಆಯ್ತಾ ಅಂತ ನೋಡೋದೇ ಆಗುತ್ತೆ, ಬೇಡ" ಅಂದಳು ಅಮ್ಮ. ರಿಲೀಸ್ ವಾರದಲ್ಲಿ ನಾನೂ ಹೆಂಡತಿಯೂ ಸರದಿ ಮೇಲೆ ಮೂರು ದಿನ ರಜೆ ಹಾಕಿದ್ವಿ. ಮ್ಯಾನೇಜರ್ ಮುಖ ಗಂಟು ಹಾಕಿದ. ರಿಲೀಸ್ ಎರಡು ದಿನ ತಡವಾಯ್ತು. ಪ್ರಪಂಚ ಮುಳುಗಲಿಲ್ಲ.

ಮುಳುಗಿದ್ದು ಅವರು. ಬಂದ ಮೇಲೆ ಅಮ್ಮ ಹೇಳಿದ್ದನ್ನ, ಮತ್ತೆ ಅವರು ಕೊಟ್ಟ ವಿಡಿಯೊದಲ್ಲಿ ಕಂಡಿದ್ದನ್ನ ಇಲ್ಲಿ ಬರೀತೀನಿ. ಟೈಲರ್ ಅಕ್ಕನಿಗೆ ಕಿವಿ ನೋವು ಬಂದು ಎರಡೇ ನಿಮಿಷಕ್ಕೆ ಮೇಲೆ ಬಂದಳು. ಟ್ರೈನರ್ ಬಲವಂತ ಮಾಡಲಿಲ್ಲ. ದೊಡ್ಡಮ್ಮ ಇಳಿಯೋ ಮುಂಚೆ ಬೋಟಿನ ಅಂಚಲ್ಲಿ ಕೂತು ಎಲ್ಲ ದೇವರ ಹೆಸರೂ ಹೇಳಿ ಮುಗಿಸಿದಳಂತೆ, ಇಳಿದ ಮೇಲೆ ಮೇಲಕ್ಕೆ ಬರೋಕೇ ಒಪ್ಪಲಿಲ್ಲವಂತೆ. ಅಮ್ಮನದ್ದು ಬೇರೆ ಕಥೆ. ನೀರಿನೊಳಗೆ ಮಾತಾಡೋಕಾಗಲ್ಲ, ಕೈಸನ್ನೆ ಕಲಿಸಿರ್ತಾರೆ. ಹೆಬ್ಬೆರಳು ಎತ್ತಿದರೆ 'ಮೇಲಕ್ಕೆ ಹೋಗೋಣ' ಅಂತ. ಒಂದು ದೊಡ್ಡ ಮೀನಿನ ಹಿಂಡು ಎದುರಿಗೆ ಬಂದಾಗ ಅಮ್ಮ ಖುಷಿಯಿಂದ, ವಾಟ್ಸಾಪಲ್ಲಿ ನಾವೆಲ್ಲಾ ಕಳಿಸ್ತೀವಲ್ಲ, ಹಾಗೆ ಹೆಬ್ಬೆರಳು ಎತ್ತಿದ್ದಾಳೆ. ಅವನು ಪಾಪ ನಿಯಮದ ಪ್ರಕಾರ ಮೇಲಕ್ಕೆ ಕರ್ಕೊಂಡು ಬಂದ. ನೀರಿಂದ ತಲೆ ಹೊರಗೆ ಬಂದಿದ್ದೇ ಅಮ್ಮ ಬೈದಿದ್ದಾಳೆ: "ಚೆನ್ನಾಗಿದೆ ಅಂದ್ರೆ ಯಾಕಪ್ಪ ಮೇಲಕ್ಕೆ ತಂದೆ?" ಇನ್ನೊಂದು ಸಲ ಇಳಿದರಂತೆ.

ಆ ವಿಡಿಯೊ ನಾನು ಆಫೀಸಲ್ಲಿ ತೋರಿಸಿದೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಸೋ ಕ್ಯೂಟ್!" "ಆಂಟಿ ರಾಕ್ಸ್!" ನನಗೆ ಖುಷಿಯಾಗಬೇಕಿತ್ತು, ಕಿರಿಕಿರಿ ಆಯ್ತು. ಯಾಕೆ ಅಂತ ಆಮೇಲೆ ಹೊಳೀತು. 'ಈ ವಯಸ್ಸಲ್ಲಿ ಬೇಕಾ' ಮತ್ತು 'ಸೋ ಕ್ಯೂಟ್' ಎರಡೂ ಅಕ್ಕತಂಗಿ ಮಾತುಗಳು. ಒಂದು ಬೈಗುಳದ ಥರ ಇದೆ, ಇನ್ನೊಂದು ಮುದ್ದಿನ ಥರ. ಎರಡರ ಅರ್ಥವೂ ಒಂದೇ: ಇದು ಇವರ ಜಾಗ ಅಲ್ಲ. ನನ್ನ 2019ರ ಫೋಟೋ ನೋಡಿ ಯಾರೂ ಕ್ಯೂಟ್ ಅನ್ನಲಿಲ್ಲ, "ಎಷ್ಟು ಆಳ ಹೋದೆ ಮಗಾ?" ಅಂತ ಕೇಳಿದರು. ಅಮ್ಮನನ್ನ ಒಬ್ಬರೂ ಎಷ್ಟು ಆಳ ಅಂತ ಕೇಳಲಿಲ್ಲ. ನಾನು ಕೇಳಿದೆ. ಒಂಬತ್ತು ಮೀಟರ್.

ಇದು ಹಳೇ ಕಾಯಿಲೆ. 1970ರಲ್ಲಿ ಅಮೆರಿಕದಲ್ಲಿ ಟೆಕ್ಟೈಟ್ ಅನ್ನೋ ಯೋಜನೆಯಲ್ಲಿ ಸಮುದ್ರವಿಜ್ಞಾನಿ ಸಿಲ್ವಿಯಾ ಅರ್ಲ್ ನೇತೃತ್ವದಲ್ಲಿ ಐದು ಜನ ಹೆಂಗಸರು ಸಮುದ್ರದ ತಳದ ಒಂದು ಮನೆಯಲ್ಲಿ ಎರಡು ವಾರ ಇದ್ದು ಸಂಶೋಧನೆ ಮಾಡಿದರು. ಅವರಲ್ಲಿ ವಿಜ್ಞಾನಿಗಳಿದ್ದರು, ಎಂಜಿನಿಯರ್ ಇದ್ದರು. ಪತ್ರಿಕೆಗಳು ಅವರನ್ನ ಕರೆದಿದ್ದು 'ಅಕ್ವಾಬೇಬ್ಸ್' ಅಂತ. 1935ರಲ್ಲಿ ಹುಟ್ಟಿದ ಅರ್ಲ್ 80 ದಾಟಿದ ಮೇಲೂ ಸಮುದ್ರಕ್ಕೆ ಇಳೀತಿದ್ದರು. ಪ್ರಾಯದಲ್ಲಿ 'ಬೇಬ್', ವಯಸ್ಸಾದ ಮೇಲೆ 'ಕ್ಯೂಟ್'. ಮಧ್ಯೆ ಎಲ್ಲಾದರೂ ಸುಮ್ಮನೆ 'ಡೈವರ್' ಅನ್ನೋಕೆ ನಮಗೇನು ಕಷ್ಟ?

ನನ್ನ ಕಡೇ ತಪ್ಪೊಂದನ್ನೂ ಹೇಳಿ ಮುಗಿಸ್ತೀನಿ. ಅಮ್ಮನ ಫೋಟೋವನ್ನ ನಾನು ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ಕೆಳಗೆ ಬರೆದಿದ್ದು: 'ಅಮ್ಮನ ಕನಸು ನನಸು ಮಾಡಿದ ದಿನ'. ಲೈಕುಗಳು ಬಂದ್ವು, 'ಮಗ ಅಂದ್ರೆ ಹೀಗಿರಬೇಕು' ಅಂತ ಕಾಮೆಂಟೂ ಬಂತು. ತಂಗಿ ಅದನ್ನ ಅಮ್ಮನಿಗೆ ಓದಿ ಹೇಳಿದ್ದಾಳೆ. ಸಂಜೆ ಫೋನು ಬಂತು.

"ನೀನೇನೋ ನನಸು ಮಾಡಿದ್ದು? ದುಡ್ಡು ನಂದು. ಬುಕ್ ಮಾಡಿದ್ದು ಟೀಚರಮ್ಮನ ಮಗಳು. ನೀನು ಮಾಡಿದ್ದು ತಲೆ ತಿಂದಿದ್ದು."

ಪೋಸ್ಟ್ ತೆಗೆದೆ.

ಅದಕ್ಕೇ ನಿಮಗೆ ಹೇಳೋದು: ಅಮ್ಮನನ್ನ ಎಲ್ಲಿಗೋ 'ಕಳಿಸೋ' ದೊಡ್ಡಮನಸ್ಸು ಮಾಡೋಕೆ ಹೋಗಬೇಡಿ. ಅವಳೇನು ಕೊರಿಯರ್ ಅಲ್ಲ. ಮದರ್ಸ್ ಡೇ ದಿನ ಕೇಕ್ ಕಟ್ ಮಾಡಿಸಿ, ಸ್ಟೇಟಸ್‌ನಲ್ಲಿ 'ತ್ಯಾಗಮಯಿ' ಅಂತ ಹಾಕೋದನ್ನೂ ನಿಲ್ಲಿಸಿ. ಆ ತ್ಯಾಗ ಯಾರಿಗಾಗಿ ಮಾಡಿದ್ದು, ಈಗಲೂ ಯಾರು ಮಾಡಿಸ್ಕೊಳ್ತಿದ್ದಾರೆ ಅನ್ನೋದನ್ನ ಒಂದು ಸಲ ಯೋಚಿಸಿ. ಅಮ್ಮ, ಅತ್ತೆ, ದೊಡ್ಡಮ್ಮ ಯಾರೇ ಆಗಲಿ, ಗೆಳತಿಯರ ಜೊತೆ ಹೊರಟೆ ಅಂದಾಗ ನಾವು ಕೇಳಬೇಕಾದ ಪ್ರಶ್ನೆ 'ಬೇಕಾ?' ಅಲ್ಲ, 'ಯಾವಾಗ?'. ಉತ್ತರ ಸಿಕ್ಕ ತಕ್ಷಣ ಆ ವಾರಕ್ಕೆ ರಜೆ ಅಪ್ಲೈ ಮಾಡಿ. ಆರೋಗ್ಯದ ಚಿಂತೆ ನಿಜವಾಗಿಯೂ ಇದ್ದರೆ ವರ್ಷಕ್ಕೊಮ್ಮೆ ಚೆಕಪ್ ಮಾಡಿಸಿ, ರಿಪೋರ್ಟ್ ಅವರ ಕೈಗೇ ಕೊಡಿ, ತೀರ್ಮಾನ ಅವರು ಮಾಡ್ತಾರೆ.

ಮತ್ತೆ, ನಿಮ್ಮ ಮನೇಲಿ ಹೆಣ್ಣುಮಗು ಇದ್ದರೆ ಈಜು ಕಲಿಸಿ. ನನ್ನ ಮಗಳನ್ನ ಮುಂದಿನ ತಿಂಗಳಿಂದ ಸೇರಿಸ್ತಿದ್ದೀನಿ. ಅಮ್ಮ ತಾನೂ ಸೇರ್ತೀನಿ ಅಂದಿದ್ದಾಳೆ. ದೊಡ್ಡವರಿಗೆ ಬೆಳಗ್ಗೆ ಏಳರ ಬ್ಯಾಚಂತೆ.

ಸಂಘದಲ್ಲಿ ಈಗ ವಾರಕ್ಕೆ 100 ರೂಪಾಯಿ ಮಾಡಿದ್ದಾರೆ. ಟೀಚರಮ್ಮ ಅಂಡಮಾನಿನ ಬಗ್ಗೆ ಓದ್ತಾ ಇದ್ದಾರಂತೆ. ಟೈಲರ್ ಅಕ್ಕ ಕಿವಿ ಊದೋದನ್ನ ಪ್ರಾಕ್ಟೀಸ್ ಮಾಡ್ತಿದ್ದಾಳೆ. ಅಂಗಡಿ ಅತ್ತೆ ಉಪ್ಪು ಕಮ್ಮಿ ಮಾಡಿದ್ದಾಳೆ. ಮೂವತ್ತು ವರ್ಷದಿಂದ ಗಂಡ, ಮಕ್ಕಳು, ಊರಿನ ಡಾಕ್ಟರು ಎಲ್ಲರೂ ಹೇಳಿದರೂ ಬಿಡದ ಉಪ್ಪು ಅದು.